ಹಗರಿ ಸತ್ತಿಲ್ಲ, ಉಸುಕಿನ ಕೆಳಗಿದೆ

"ಹಗರಿ ಎಲ್ಲಿದೆ ಮೇಷ್ಟ್ರೇ? ಅದು ಸತ್ತು ಎಷ್ಟೋ ಕಾಲ ಆಯ್ತು. ಇನ್ನು ಉಸುಕು ಯಾರು ತಗೊಂಡು ಹೋದ್ರೇನು?" ರಾಯದುರ್ಗದ ಕಡೆ ಈ ಮಾತು ಗಾದೆಯಂತಾಗಿಬಿಟ್ಟಿದೆ. ಓದಿದವರೂ ಹೇಳುತ್ತಾರೆ, ಟ್ರ್ಯಾಕ್ಟರ್ ಇಟ್ಟವರೂ ಹೇಳುತ್ತಾರೆ. ಇದು ಸುಳ್ಳು. ಅದರಲ್ಲೂ ಲಾಭದ ಸುಳ್ಳು!

ಮೊದಲು ನದಿಯನ್ನು ಪೂರ್ತಿ ನೋಡೋಣ. ಬಾಬಾಬುಡನ್‌ಗಿರಿಯ ಪೂರ್ವ ಇಳಿಜಾರಿನ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಆ ನೀರನ್ನು ಹಿಡಿಯುತ್ತದೆ. ಹಿರಿಯೂರು, ಚಳ್ಳಕೆರೆ ಸೀಮೆ ದಾಟಿ ಆಂಧ್ರಕ್ಕೆ ಬಂದರೆ ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆಕಟ್ಟು. ಅಲ್ಲಿಂದ ಉತ್ತರಕ್ಕೆ ಹರಿದು ಮತ್ತೆ ಬಳ್ಳಾರಿ ಜಿಲ್ಲೆ ಸೇರಿ, ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಕೂಡುತ್ತದೆ. 1953ರ ಅಕ್ಟೋಬರ್ 1ರ ತನಕ ರಾಯದುರ್ಗವೂ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ. ಗೆರೆ ಬಿದ್ದದ್ದು ನಮ್ಮ ನಡುವೆ. ನದಿಗೆ ಅದು ಗೊತ್ತಿಲ್ಲ.

ಇನ್ನು ಅದರ ಗುಣ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಇಂಥ ಬಯಲಿನಲ್ಲಿ ಹಗರಿಯೂ ತುಂಗೆಯಂತೆ ಹನ್ನೆರಡು ತಿಂಗಳು ಹರಿಯಲಿ ಎಂದರೆ ಹೇಗೆ? ಮಳೆಗಾಲದಲ್ಲಿ ಕೆಲವು ದಿನ ಮೇಲೆ ಹರಿದು, ಉಳಿದ ದಿನ ಉಸುಕಿನೊಳಗೆ ನಿಲ್ಲುವ ನದಿ ಇದು. ಉಸುಕಿನ ಕಣಗಳ ನಡುವೆ ಸುಮಾರು ಮೂರನೇ ಒಂದು ಪಾಲು ಖಾಲಿ ಜಾಗ. ಅಲ್ಲಿಗೆ ಇಳಿದ ನೀರು ಕೆರೆಯ ನೀರಿನಂತೆ ಬಿಸಿಲಿಗೆ ಆರಿಹೋಗುವುದಿಲ್ಲ. ಬೇಸಿಗೆಯಲ್ಲಿ ಉಸುಕು ಬಗೆದು, ಒರತೆ ತೋಡಿ ಕೊಡ ತುಂಬಿಸಿದ ಹೆಂಗಸರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ದಂಡೆಯ ಬಾವಿ, ಬೋರ್‌ವೆಲ್‌ಗಳಿಗೆ ನೀರು ಕೊಡುವುದೂ ಇದೇ ಉಸುಕು. ಅದನ್ನು ತಳದವರೆಗೆ ಕೆರೆದರೆ, ಬಂದ ನೀರು ನಿಲ್ಲದೆ ಜಾರಿ ಹೋಗುತ್ತದೆ.

1933ರ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಕೋಡಿಯ ನೀರಿಗೆ ಇರುವುದು ಇದೊಂದೇ ದಾರಿ. ಸತ್ತ ನದಿಗೆ ಹೀಗೆ ನೀರು ಬರುತ್ತದೆಯೇ?

"ಗೋವಿಂದವಾಡ, ದರ್ಗಾ ಹೊನ್ನೂರಿಗೆ ಹೋಗಿ ನೋಡಿ, ಉಸುಕು ಹೊಲವನ್ನೇ ನುಂಗಿದೆ, ತೆಗೆದರೆ ಒಳ್ಳೆಯದಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬೊಮ್ಮನಹಾಳ್ ಮಂಡಲದ ಆ ಊರುಗಳಲ್ಲಿ ಉಸುಕಿನ ದಿಬ್ಬಗಳೇ ಇವೆ. ಒಣಗಿದ ಪಾತ್ರದ ಉಸುಕನ್ನು ಮುಂಗಾರಿನ ಪಡುವಣ ಗಾಳಿ ಹೊತ್ತು ಪೂರ್ವ ದಂಡೆಗೆ ಸುರಿಯುತ್ತದೆ. ಹಾಗಾದರೆ ಹೊಲದ ಮೇಲೆ ಬಿದ್ದ ಉಸುಕನ್ನು ತೆಗೆಯಿರಿ, ರೈತನೂ ಬದುಕುತ್ತಾನೆ. ಆದರೆ ಲಾರಿಗಳು ಹೊಲಕ್ಕೆ ಹೋಗುವುದಿಲ್ಲ, ನದಿಗೇ ಇಳಿಯುತ್ತವೆ. ಏಕೆ? ಕಟ್ಟಡಕ್ಕೆ ಬೇಕಾದ ದಪ್ಪ ಉಸುಕು ಅಲ್ಲಿದೆ. ಗಾಳಿ ಹೊತ್ತು ತರುವುದು ಸಣ್ಣದನ್ನು.

2024ರ ಜುಲೈನಲ್ಲಿ ಆಂಧ್ರ ಸರಕಾರ ಉಚಿತ ಮರಳು ನೀತಿ ತಂದಿತು. ಬಡವನ ಮನೆಗೆ ಉಸುಕು ಅಗ್ಗವಾಗಲಿ, ನನ್ನ ತಕರಾರಿಲ್ಲ. ಆದರೆ ಊರಿನ ಮನೆಗೆ ಹೋಗುವ ಎತ್ತಿನ ಗಾಡಿ ಬೇರೆ, ರಾತ್ರಿ ದೂರದ ಪಟ್ಟಣಕ್ಕೆ ಹೋಗುವ ಲಾರಿ ಬೇರೆ. ಅಂತರ್ಜಲಕ್ಕೆ ಹಾನಿಯಾಗುವ ಕಡೆ ಮರಳು ತೆಗೆಯುವುದನ್ನು ತಡೆಯಲು 2002ರ ವಾಲ್ಟಾ ಕಾಯ್ದೆ ಇದೆ. ಅದನ್ನು ಕಪಾಟಿನಿಂದ ಹೊರಗೆ ತೆಗೆಯುವವರು ಯಾರು?

ನೀರಿನ ಲೆಕ್ಕಕ್ಕೆ ಮೈಸೂರು ಮತ್ತು ಮದ್ರಾಸು 1892ರಲ್ಲೇ ಒಪ್ಪಂದ ಮಾಡಿಕೊಂಡವು. ಈಗ ಭದ್ರಾ ಮೇಲ್ದಂಡೆಗಾಗಿ ಎರಡು ರಾಜ್ಯಗಳ ಜಗಳ. ಟಿ.ಎಂ.ಸಿ. ಲೆಕ್ಕ ಹಾಕುವವರಿದ್ದಾರೆ, ಉಸುಕಿನ ಲೆಕ್ಕ ಕೇಳುವವರು ಯಾವ ಕಡೆಯೂ ಇಲ್ಲ. ಮೇಲಿನಿಂದ ನೀರು ಬಿಡಿಸಿಕೊಂಡು ಬಂದರೂ ಅದನ್ನು ಹಿಡಿದಿಡುವ ಪಾತ್ರವನ್ನೇ ಮಾರಿಕೊಂಡರೆ ಗೆದ್ದು ಏನು ಬಂತು?

ಗಡಿಯ ಕನ್ನಡ ಶಾಲೆಗಳ ಶಿಕ್ಷಕ ಬಂಧುಗಳೇ, ನಿಮ್ಮಲ್ಲಿ ಒಂದು ಮನವಿ. ಜಿಲ್ಲೆಯ ಭೂಪಟದಲ್ಲಿ ಹಗರಿ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ನೀಲಿ ತುಂಡು. ಬಾಬಾಬುಡನ್‌ಗಿರಿಯಿಂದ ಸಿರುಗುಪ್ಪದವರೆಗೆ ಇಡೀ ನದಿಯನ್ನು ಮಕ್ಕಳ ಕೈಯಲ್ಲಿ ಬರೆಸಿ. ದಂಡೆಯ ಊರಿನವರು ಗ್ರಾಮಸಭೆಯಲ್ಲಿ ಎದ್ದು, ನಮ್ಮ ಬಾವಿಗಳ ಹತ್ತಿರ ಎಷ್ಟು ಉಸುಕು ಹೋಯಿತು, ಯಾರು ಪರವಾನಗಿ ಕೊಟ್ಟರು ಎಂದು ಬರವಣಿಗೆಯಲ್ಲೇ ಕೇಳಲಿ. ಮೇಷ್ಟ್ರಿಗೆ ಏಕೆ ಈ ಉಸಾಬರಿ ಎನ್ನುವವರು ಎನ್ನಲಿ. ನಮ್ಮ ಮಕ್ಕಳು ಕುಡಿಯುವುದು ಆ ನೀರನ್ನೇ.