ಆಯಿ ಗುರುತು ಹಿಡಿದ ನಾಯಕಿ

ಮಕ್ಕಳೇ, ಮೊನ್ನೆ ಚಿಂಚೋಳಿಯ ನಮ್ಮ ಮನೆಯ ಟಿವಿಯಲ್ಲಿ ‘ಅನುರಾಗ ಅರಳಿತು’ ಬರುತ್ತಿತ್ತು. ರಾಜಕುಮಾರ್ ಕಾಯಿಲೆಯ ತಾಯಿಯ ಆರೈಕೆ ಮಾಡುತ್ತಿದ್ದರು.

“ಆಯಿ, ಈ ಮುದುಕಿ ಯಾರು?” ಎಂದಳು ನನ್ನ ಮಗಳು.

“ಮುದುಕಿ ಅನಬ್ಯಾಡ. ಆಕಿ ಪಂಡರಿಬಾಯಿ. ಮೊದಲಿಗೆ ರಾಜಕುಮಾರನ ಹೇಣ್ತಿ ಆಗಿದ್ದಳು!” ಎಂದಳು ನಮ್ಮವ್ವ.

ಮಗಳು ಬಿದ್ದು ಬಿದ್ದು ನಕ್ಕಳು. ಆದರೆ ಆಯಿ ಹೇಳಿದ್ದು ನಿಜ.

ಪಂಡರಿಬಾಯಿಯವರ ಊರು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ. ಚಿಕ್ಕಂದಿನಲ್ಲೇ ಹರಿಕಥೆ ಮಾಡುತ್ತಿದ್ದ ಹುಡುಗಿ 1943ರಲ್ಲಿ ‘ವಾಣಿ’ ಚಿತ್ರದಿಂದ ಸಿನಿಮಾಕ್ಕೆ ಬಂದರು. 1952ರಲ್ಲಿ ತಮಿಳಿನ ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ಅವರಿಗೆ ನಾಯಕಿಯಾದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರವದು. ಕಣ್ಣಪ್ಪನ ಹೆಂಡತಿ ನೀಲಾ ಆಗಿ ನಟಿಸಿದ ಪಂಡರಿಬಾಯಿ ಆಗಲೇ ಹೆಸರಾದ ನಟಿ. ನಮ್ಮ ಚಿಂಚೋಳಿ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು!

ವರ್ಷಗಳು ಉರುಳಿದವು. ನಾಯಕರು ನಾಯಕರಾಗಿಯೇ ಉಳಿದರು. ಪಂಡರಿಬಾಯಿಯವರಿಗೆ ಮಾತ್ರ ತಾಯಿಯ ಪಾತ್ರಗಳು ಬರತೊಡಗಿದವು. 1969ರ ‘ದೈವ ಮಗನ್’ ಚಿತ್ರದಲ್ಲಿ ಶಿವಾಜಿಯವರದು ಮೂರು ಪಾತ್ರ: ತಂದೆ ಮತ್ತು ಇಬ್ಬರು ಮಕ್ಕಳು. ಪಂಡರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರಿಗೆ ತಾಯಿ! 1986ರಲ್ಲಿ ‘ಅನುರಾಗ ಅರಳಿತು’ ಬಂದಾಗ ರಾಜಕುಮಾರ್ ಅವರಿಗೆ 57 ವರ್ಷ. ತಾಯಿ, ಮಗ ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅದೇ ಕಥೆ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಆದಾಗ ಅವರು ರಜನೀಕಾಂತ್ ಅವರಿಗೂ ತಾಯಿಯಾದರು.

“ಇದು ಸರಿಯಾ ಅಪ್ಪಾ? ಅವರಿಗೂ ನಾಯಕಿಯ ಪಾತ್ರ ಕೊಡಬಹುದಿತ್ತಲ್ಲ?” ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಸಿಕ್ಕ ಪಾತ್ರ ಚಿಕ್ಕದೆಂದು ಪಂಡರಿಬಾಯಿ ಅದನ್ನು ಚಿಕ್ಕದಾಗಿ ಮಾಡಲಿಲ್ಲ. ಅವರು ತೆರೆಗೆ ಬಂದರೆ ಸಾಕು, ಥಿಯೇಟರಿನಲ್ಲಿ ಕೂತವರಿಗೆ ತಮ್ಮ ತಮ್ಮ ತಾಯಿ ನೆನಪಾಗುತ್ತಿದ್ದಳು. 2003ರ ಜನವರಿ 29ರಂದು ಅವರು ಚೆನ್ನೈಯಲ್ಲಿ ತೀರಿಕೊಂಡರು.

ಸಿನಿಮಾ ಮುಗಿಯಿತು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯಿ, ನೀ ಆಯಿ ಆಗೂಕಿಂತ ಮೊದಲ ಏನಾಗಿದ್ದಿ?” ಎಂದಳು. ನಮ್ಮವ್ವ ಶಾಲೆಯಲ್ಲಿ ಖೋಖೋ ಆಡುತ್ತಿದ್ದಳಂತೆ, ಅವಳನ್ನು ಯಾರೂ ಮುಟ್ಟಲಾಗುತ್ತಿರಲಿಲ್ಲವಂತೆ. ಇಷ್ಟು ವರ್ಷ ನಾನೂ ಕೇಳಿರಲಿಲ್ಲ.

ನೀವೂ ಇಂದು ನಿಮ್ಮ ಅಜ್ಜಿಯನ್ನು ಕೇಳಿ. ಅಜ್ಜಿಯರೇ, “ಏನಿಲ್ಲ ಬಿಡು” ಎನ್ನಬೇಡಿ. ಹೇಳಿಬಿಡಿ.