ಇಂಜಿನ್ನಿಗೆ ಹೊಂಗೆ ಎಣ್ಣೆ: ಚಾಲಕರ ಅನುಭವ ಕಲಿಸುವ ಪಾಠ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೆ ಹೋದಾಗಲೆಲ್ಲ ಟ್ರಾಕ್ಟರ್ ಇಟ್ಟುಕೊಂಡವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಸಾರ್, ಬದುವಿನ ಮ್ಯಾಲೆ ಹೊಂಗೆ ಐತಿ, ಊರಾಗ ಗಾಣ ಐತಿ. ಆ ಎಣ್ಣೀನ ಟ್ರಾಕ್ಟರಿಗೆ ಹಾಕಿದ್ರ ಏನಾಗತೈತ್ರೀ?”

ನನ್ನ ಉತ್ತರ ಎರಡು ಮಾತಿನದು. ಗಾಣದ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಬೇಡಿ. ಆದರೆ ಹೊಂಗೆಯ ಮರವನ್ನು ಮಾತ್ರ ಕೈಬಿಡಬೇಡಿ. ಇವೆರಡೂ ಏಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಸ್ಯದ ಎಣ್ಣೆಯಿಂದ ಇಂಜಿನ್ ಓಡುತ್ತದೆಯೇ ಎಂಬ ಸಂಶಯ ಯಾರಿಗೂ ಬೇಡ. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ಮಾದರಿಯ ಒಂದು ಇಂಜಿನ್ನು ಓಡಿದ್ದು ನಮ್ಮ ಶೇಂಗಾ ಎಣ್ಣೆಯಿಂದಲೇ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರ ತಂಡ 1990ರ ದಶಕದ ಕೊನೆಯ ಹೊತ್ತಿಗೆ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿ ತೋರಿಸಿತು. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲು ಶೇಕಡಾ 5ರಷ್ಟು ಜೈವಿಕ ಡೀಸೆಲ್ ಬೆರೆಸಿದ ಇಂಧನದಿಂದ ಓಡಿತು. ಹಾಸನದ ಬಳಿ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೂ ತಂದಿತು.

ಹಾಗಾದರೆ ತೊಡಕು ಎಲ್ಲಿದೆ? ಹಸಿ ಎಣ್ಣೆ ಬೇರೆ, ಜೈವಿಕ ಡೀಸೆಲ್ ಬೇರೆ ಎಂಬುದನ್ನು ಮರೆಯುವುದರಲ್ಲಿದೆ. ಗಾಣದ ಹೊಂಗೆ ಎಣ್ಣೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್ ಅದನ್ನು ಮಂಜಿನಂತೆ ಸಿಂಪಡಿಸಲಾರದು. ದಪ್ಪ ಹನಿಗಳಾಗಿ ಬೀಳಿಸುತ್ತದೆ. ಪೂರ್ತಿ ಉರಿಯದ ಎಣ್ಣೆ ನಾಜಲಿನ ತುದಿಯಲ್ಲಿ, ಪಿಸ್ಟನ್ ರಿಂಗುಗಳಲ್ಲಿ ಮಸಿಯಾಗಿ ಗಟ್ಟಿಕಟ್ಟುತ್ತದೆ; ಕೆಳಗಿಳಿದು ಇಂಜಿನ್ ಆಯಿಲಿನೊಡನೆ ಸೇರಿ ಅದನ್ನೂ ಕೆಡಿಸುತ್ತದೆ. ಜನರೇಟರ್ ಒಂದೇ ವೇಗದಲ್ಲಿ, ಒಂದೇ ಹೊರೆಯಲ್ಲಿ, ಕಾದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಓಡುತ್ತದೆ. ಪಕ್ಕದಲ್ಲಿ ನೋಡಿಕೊಳ್ಳುವವರೂ ಇರುತ್ತಾರೆ. ನಿಮ್ಮ ಟ್ರಾಕ್ಟರ್ ಹಾಗಲ್ಲ. ಬೆಳಗಿನ ತಂಪಿನಲ್ಲಿ ಹೊರಡಬೇಕು, ಬದುವಿನ ಬಳಿ ನಿಲ್ಲಬೇಕು, ಸಂತೆಗೂ ಹೋಗಬೇಕು. ಮೊದಲ ದಿನ ಚೆನ್ನಾಗಿ ಓಡಿತೆಂದು ಹಿಗ್ಗಿದವರು ಕೆಲವು ತಿಂಗಳ ಬಳಿಕ ಮೆಕ್ಯಾನಿಕ್ಕನ ಮುಂದೆ ಕುಳಿತಿರುವುದಕ್ಕೆ ಇದೇ ಕಾರಣ.

ಜೈವಿಕ ಡೀಸೆಲ್ ಎಂದರೆ ಇದೇ ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಡನೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಂಸ್ಕರಿಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರಿನಂಶ ತೆಗೆದದ್ದು. ಆಗ ಅದರ ಮಂದತೆ ಡೀಸೆಲಿನ ಸಮೀಪಕ್ಕೆ ಬರುತ್ತದೆ. ಮನೆಯಲ್ಲೇ ಮಾಡೋಣವೆಂದು ಯಾರೂ ಹೊರಡಬಾರದು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಬೆಂಕಿಯನ್ನಂತೂ ಬೇಗ ಹಿಡಿಯುತ್ತದೆ. ಬೀಜವನ್ನು ಹಸಿಯಾಗಿ ಕೂಡಿಟ್ಟಿದ್ದರೆ ಎಣ್ಣೆಯಲ್ಲಿ ಆಮ್ಲದ ಅಂಶ ಏರಿ, ಇಂಧನವಾಗುವ ಬದಲು ಸಾಬೂನಾಗಿ ಕೂರುತ್ತದೆ.

ಇನ್ನು ಸರಿಯಾದ ಜೈವಿಕ ಡೀಸೆಲ್ ಬೆರೆಸಿ ಓಡಿಸಿದ ಚಾಲಕರು ಹೇಳುವ ಮಾತುಗಳನ್ನು ಕೇಳೋಣ. ಇವು ಸುಳ್ಳಲ್ಲ, ಕಾರಣ ತಿಳಿದುಕೊಂಡರೆ ಗಾಬರಿಯೂ ಇಲ್ಲ. “ಕಪ್ಪು ಹೊಗೆ ಕಡಿಮೆಯಾಯಿತು” ಎನ್ನುತ್ತಾರೆ. ನಿಜ, ಈ ಇಂಧನದಲ್ಲಿಯೇ ಆಮ್ಲಜನಕವಿರುವುದರಿಂದ ಉರಿ ಪೂರ್ಣವಾಗುತ್ತದೆ. “ಸ್ವಲ್ಪ ಹೆಚ್ಚು ಕುಡಿಯುತ್ತದೆ” ಎನ್ನುತ್ತಾರೆ. ಅದೂ ನಿಜ, ಲೀಟರಿಗೆ ಲೀಟರ್ ಹೋಲಿಸಿದರೆ ಇದರ ಶಾಖಶಕ್ತಿ ಡೀಸೆಲಿಗಿಂತ ಶೇಕಡಾ 8ರಿಂದ 10ರಷ್ಟು ಕಡಿಮೆ. ಶೇಕಡಾ 20ರ ಮಿಶ್ರಣದಲ್ಲಿ ಈ ವ್ಯತ್ಯಾಸ ಶೇಕಡಾ 2ರಷ್ಟೇ. “ಹಾಕಿದ ವಾರದಲ್ಲೇ ಫಿಲ್ಟರ್ ಕಟ್ಟಿತು” ಎಂಬುದು ಎಲ್ಲರ ದೂರು. ಜೈವಿಕ ಡೀಸೆಲ್ ಹಳೆಯ ಟ್ಯಾಂಕಿನ ತಳದ ಕೊಳೆಯನ್ನು ತೊಳೆದು ತರುತ್ತದೆ. ಆ ಕೊಳೆ ಬಂದು ಫಿಲ್ಟರಿನಲ್ಲಿ ಕೂರುತ್ತದೆ. ಟ್ಯಾಂಕ್ ಮೊದಲೇ ತೊಳೆಸಿ, ಆರಂಭದಲ್ಲಿ ಒಂದೆರಡು ಸಲ ಫಿಲ್ಟರ್ ಬದಲಿಸಿದರೆ ಸರಿಹೋಗುತ್ತದೆ. “ಪೈಪು ಉಬ್ಬಿ ಸೋರಿತು” ಎಂದರೆ ಅದು ಹಳೆಯ ರಬ್ಬರಿನ ದೋಷ. ಈ ಇಂಧನಕ್ಕೆ ತಾಳುವ ಪೈಪು ಹಾಕಿಸಬೇಕು. ಇನ್ನೊಂದು ಮಾತು: ಸುಗ್ಗಿ ಮುಗಿಸಿ ಟ್ರಾಕ್ಟರನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಮಿಶ್ರಣವನ್ನು ಟ್ಯಾಂಕಿನಲ್ಲಿ ಬಿಡಬಾರದು. ಅದು ನೀರನ್ನು ಎಳೆದುಕೊಂಡು ಕೆಡುತ್ತದೆ.

2020ರ ನಂತರದ ಬಿ.ಎಸ್.-6 ಲಾರಿ, ಪಿಕಪ್‌ಗಳ ಮಾತೇ ಬೇರೆ. ಅವುಗಳ ಪಂಪು, ನಾಜಲ್, ಹೊಗೆ ಶುದ್ಧಿಯ ಸಾಧನಗಳು ಬಹು ಸೂಕ್ಷ್ಮ. ತಯಾರಕರು ಕೈಪಿಡಿಯಲ್ಲಿ ಒಪ್ಪಿದ ಪ್ರಮಾಣ ಮೀರಿ ಒಂದು ಹನಿಯನ್ನೂ ಬೆರೆಸಬೇಡಿ.

ಹೆದ್ದಾರಿಯ ಬದಿಯಲ್ಲಿ ಕಡಿಮೆ ಬೆಲೆಗೆ “ಬಯೋಡೀಸೆಲ್” ಎಂದು ಮಾರುವುದೆಲ್ಲ ಬಯೋಡೀಸೆಲ್ ಅಲ್ಲ. ಇದರ ಚಿಲ್ಲರೆ ಮಾರಾಟಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಗುಣಮಟ್ಟಕ್ಕೆ ಐ.ಎಸ್. 15607 ಎಂಬ ಮಾನಕವಿದೆ. ಪರವಾನಗಿ, ಪರೀಕ್ಷಾ ಪತ್ರ, ರಸೀದಿ ಈ ಮೂರನ್ನೂ ಕೇಳಿ. ಕೊಡಲು ಹಿಂಜರಿದರೆ ಗಾಡಿ ತಿರುಗಿಸಿ ಬನ್ನಿ. ಸಾಲ ಮಾಡಿ ತಂದ ಟ್ರಾಕ್ಟರಿನ ಕಂತು ತೀರಿಸುವವರು ನೀವು; ಪಂಪು ಕೆಟ್ಟಾಗ ಮಾರಿದವನು ಅಲ್ಲಿರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಚೆನ್ನಾಗಿ ಬೆಳೆದ ಹತ್ತು ಹೊಂಗೆ ಮರಗಳಿವೆ, ಮರಕ್ಕೆ 20 ಕೆ.ಜಿ. ಬೀಜ ಬಂತು ಎಂದುಕೊಳ್ಳಿ. ಒಟ್ಟು 200 ಕೆ.ಜಿ. ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಕೆ.ಜಿ. ಎಣ್ಣೆಯಂತೆ ಸುಮಾರು 50 ಕೆ.ಜಿ. ಎಣ್ಣೆ, ಅದರಿಂದ ಹೆಚ್ಚುಕಡಿಮೆ 50 ಲೀಟರ್ ಜೈವಿಕ ಡೀಸೆಲ್. ಉಳುಮೆಯಲ್ಲಿ ಟ್ರಾಕ್ಟರ್ ಗಂಟೆಗೆ 5 ಲೀಟರ್ ಕುಡಿದರೆ, ಹತ್ತು ಮರಗಳ ವರ್ಷದ ಫಲ ಹತ್ತು ಗಂಟೆಯ ಉಳುಮೆಯಲ್ಲಿ ಮುಗಿಯಿತು! ಹೊಂಗೆ ನಮ್ಮನ್ನು ಡೀಸೆಲ್ ಬಂಕಿನಿಂದ ಬಿಡಿಸುತ್ತದೆ ಎಂಬ ಮಾತನ್ನು ಈ ಲೆಕ್ಕ ಒಪ್ಪುವುದಿಲ್ಲ.

ಆದರೆ ಇನ್ನೊಂದು ಪುಟವನ್ನೂ ನೋಡಿ. ಅದೇ ಬೀಜದಿಂದ ಸುಮಾರು 150 ಕೆ.ಜಿ. ಹಿಂಡಿ ಉಳಿಯುತ್ತದೆ. ಹೊಂಗೆ ಹಿಂಡಿಯಲ್ಲಿ ಸಾರಜನಕ ಶೇಕಡಾ 4ರಷ್ಟಿರುವುದರಿಂದ 6 ಕೆ.ಜಿ. ಸಾರಜನಕ, ಅಂದರೆ 13 ಕೆ.ಜಿ. ಯೂರಿಯಾದಲ್ಲಿರುವಷ್ಟು, ನಿಮ್ಮ ಹೊಲಕ್ಕೇ ಮರಳುತ್ತದೆ. ಅದೂ ನಿಧಾನವಾಗಿ, ಬೆಳೆಗೆ ಒದಗುವಂತೆ. (ಈ ಹಿಂಡಿಯನ್ನು ದನಗಳಿಗೆ ತಿನ್ನಿಸಬಾರದು.) ಜೊತೆಗೆ ಸೊಪ್ಪು ಹಸಿರೆಲೆ ಗೊಬ್ಬರ. ಆದ್ದರಿಂದ ನನ್ನ ಖಚಿತ ಅಭಿಪ್ರಾಯವಿದು: ಎಣ್ಣೆಯನ್ನೋ ಬೀಜವನ್ನೋ ಒಳ್ಳೆಯ ಬೆಲೆ ಕೊಡುವವರಿಗೆ ಮಾರಿ, ಹಿಂಡಿಯನ್ನು ಹೊಲಕ್ಕೆ ತನ್ನಿ. ಇಂಧನ ಮಾಡುವ ಕೆಲಸ ಪ್ರಯೋಗಶಾಲೆ ಇರುವ ಘಟಕದ್ದು. ಬೀಜ ಮಾರುವಾಗ ಒಬ್ಬೊಬ್ಬರೇ ಹೋಗದೆ, ಊರವರು ಕೂಡಿ ಒಣಗಿಸಿ, ತೂಕ ಮಾಡಿ ಮಾರಿದರೆ ದಲ್ಲಾಳಿಯ ಮುಂದೆ ಮಾತಿಗೆ ಬಲ ಬರುತ್ತದೆ.

2003ರ ನಂತರ ದೇಶದಲ್ಲಿ ಜತ್ರೋಪದ ಗಾಳಿ ಬೀಸಿದ್ದು ಹಿರಿಯರಿಗೆ ನೆನಪಿರಬಹುದು. ಬರಡು ನೆಲದಲ್ಲಿ ನೀರಿಲ್ಲದೆ ಬಂಗಾರ ಬೆಳೆಯುತ್ತದೆಂದು ನಂಬಿ ಬೆಳೆಯುವ ಹೊಲಕ್ಕೇ ಗಿಡ ನೆಟ್ಟವರು ಇಳುವರಿಯಿಲ್ಲದೆ, ಕೊಳ್ಳುವವರಿಲ್ಲದೆ ಕಿತ್ತೊಗೆದರು. ಹೊಂಗೆಯ ವಿಷಯದಲ್ಲಿ ಆ ತಪ್ಪು ಬೇಡ. ಸುಮಾರು 600 ಮಿ.ಮೀ. ಮಳೆಯನ್ನು ನಂಬಿದ ನಿಮ್ಮ ಕೆಂಪು ನೆಲದಲ್ಲಿ ಜೋಳ, ಶೇಂಗಾ, ಮೆಕ್ಕೆಜೋಳದ ಜಾಗ ಅವುಗಳದ್ದೇ. ಹೊಂಗೆಯ ಜಾಗ ಬದು, ಹಳ್ಳದ ದಂಡೆ, ಗೋಮಾಳದ ಅಂಚು. ಹದಿನೈದು ಅಡಿಗೊಂದರಂತೆ ನೆಟ್ಟು ಮೊದಲೆರಡು ಬೇಸಿಗೆ ಕಾಪಾಡಿದರೆ ಸಾಕು. ಐದಾರು ವರ್ಷಕ್ಕೆ ಕಾಯಿ ಕಾಣುತ್ತದೆ.

ಹೊಂಗೆ ನಮ್ಮ ಹಿರಿಯರ ದೀಪಕ್ಕೆ ಎಣ್ಣೆ ಕೊಟ್ಟಿತು, ಗದ್ದೆಗೆ ಸೊಪ್ಪು ಕೊಟ್ಟಿತು, ದಣಿದವರಿಗೆ ನೆರಳು ಕೊಟ್ಟಿತು. ಅದು ಕೊಡಬಲ್ಲದ್ದನ್ನು ಕೇಳಿ ಪಡೆಯೋಣ. ಈ ಮುಂಗಾರಿನ ಮೊದಲ ಹದ ಮಳೆಗೆ ಬದುವಿನ ಮೇಲೆ ಹತ್ತು ಸಸಿ ನೆಡಿ. ಟ್ರಾಕ್ಟರಿನ ಟ್ಯಾಂಕಿಗೆ ಮಾತ್ರ, ಪರೀಕ್ಷೆಯಾಗಿ ಬಂದದ್ದನ್ನಷ್ಟೇ ಹಾಕಿ.