ಹಳೆಯ ಲ್ಯಾಪ್‌ಟಾಪಿಗೆ ಟೊಮೆಟೊ ಲೋಡು

ಮುಳಬಾಗಿಲಿನ ಹುಡುಗನೊಬ್ಬ ಕಂಪ್ಯೂಟರ್ ಆಟ ತಯಾರಿಸುತ್ತಿದ್ದಾನೆ ಎಂದುಕೊಳ್ಳಿ. ಆಟದ ಕಥೆ ಸರಳ. ಟೊಮೆಟೊ ತುಂಬಿದ ಲಾರಿ ಮುಳಬಾಗಿಲಿನಿಂದ ಹೊರಟು ಹರಾಜು ಶುರುವಾಗುವ ಮುನ್ನ ಕೋಲಾರದ ಎಪಿಎಂಸಿ ಮಾರುಕಟ್ಟೆ ಸೇರಬೇಕು. ಹೆದ್ದಾರಿ, ಬಂಡೆಗುಡ್ಡ, ಮಾವಿನ ತೋಪು, ಎದುರಿಗೆ ಬರುವ ಬಸ್ಸು ಎಲ್ಲವೂ ಇವೆ. ತೊಂದರೆ ಒಂದೇ. ಲಾರಿ ಓಡುವುದಿಲ್ಲ, ಕುಂಟುತ್ತದೆ! ಅಣ್ಣ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ 12 ಚಿತ್ರ ಮೂಡಿದರೆ ಹೆಚ್ಚು. ಬೆಂಗಳೂರಿನಲ್ಲಿ ಓದುವ ಗೆಳೆಯನ ಸಲಹೆಯೂ ಒಂದೇ: ‘ಹೊಸ ಮಷೀನ್ ತಗೊಳೋ.’ ಈ ಸಲದ ಬೆಳೆಗೆ ಏನು ರೇಟು ಸಿಗುತ್ತದೋ ಎಂದು ಕಾದು ಕುಳಿತ ಅಪ್ಪನ ಮುಂದೆ ಈ ಮಾತು ಎತ್ತುವುದು ಹೇಗೆ?

ಎತ್ತುವ ಮೊದಲು ಹುಡುಗ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಸಾಕು. ಆದರೆ ಅವೆಲ್ಲ ಮೊದಲೇ ತೆಗೆದಿಟ್ಟ ಚಿತ್ರಗಳು. ಆಟದಲ್ಲಿ ಹಾಗಲ್ಲ. ಆಡುವವನು ಯಾವ ಕಡೆ ತಿರುಗುತ್ತಾನೋ ಯಾರಿಗೆ ಗೊತ್ತು? ಪ್ರತಿ ಚಿತ್ರವನ್ನೂ ಆ ಕ್ಷಣದಲ್ಲೇ ಬಿಡಿಸಬೇಕು. ಇಂಥ ಒಂದು ಚಿತ್ರವೇ ‘ಫ್ರೇಮ್’. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವ ಕಾಲ ಸುಮಾರು 33 ಮಿಲಿಸೆಕೆಂಡು; 60 ಬೇಕೆಂದರೆ ಹದಿನೇಳಕ್ಕೂ ತುಸು ಕಡಿಮೆ. ಅಷ್ಟರೊಳಗೆ ಒತ್ತಿದ ಕೀಲಿ ಯಾವುದೆಂದು ನೋಡಬೇಕು, ಲಾರಿಯ ವೇಗ ಲೆಕ್ಕ ಹಾಕಬೇಕು, ಬಸ್ಸಿಗೆ ಡಿಕ್ಕಿಯಾಯಿತೇ ಎಂದು ಪರೀಕ್ಷಿಸಬೇಕು, ಕೊನೆಗೆ ಚಿತ್ರ ಬಿಡಿಸಬೇಕು. ಕೋಲಾರ ಜಿಲ್ಲೆಯವರಿಗೆ ಈ ಲೆಕ್ಕ ಹೊಸದಲ್ಲ. ಕೆರೆಯಲ್ಲಿ ಇರುವ ನೀರು ಇಷ್ಟೇ. ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಆಟ ಬರೆಯುವವನೂ ಮಿಲಿಸೆಕೆಂಡುಗಳ ನೀರುಗಂಟಿಯೇ.

ನೀರು ಎಲ್ಲಿ ಸೋರುತ್ತಿದೆ ಎಂದು ನೋಡದೆ ಕಾಲುವೆ ಅಗೆಯುವವರುಂಟೆ? ಇಲ್ಲೂ ಮೊದಲು ಅಳತೆ, ಆಮೇಲೆ ರಿಪೇರಿ. ಚಿತ್ರ ಬಿಡಿಸುವುದು, ಡಿಕ್ಕಿಯ ಲೆಕ್ಕ ಮುಂತಾದವನ್ನು ಸಿದ್ಧವಾಗಿ ಒದಗಿಸುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. 2014ರಲ್ಲಿ ಮುಕ್ತ ತಂತ್ರಾಂಶವಾದ ಗೊಡೋ ಎಂಬ ಎಂಜಿನ್ ಪುಕ್ಕಟೆ ಸಿಗುತ್ತದೆ. ಅದರೊಳಗೇ ಪ್ರೊಫೈಲರ್ ಎಂಬ ಸಾಧನವಿದ್ದು, ಯಾವ ಕೆಲಸ ಎಷ್ಟು ಮಿಲಿಸೆಕೆಂಡು ನುಂಗಿತೆಂದು ತೋರಿಸುತ್ತದೆ. ಅದಕ್ಕಿಂತ ಸುಲಭದ ಪರೀಕ್ಷೆಯೂ ಉಂಟು. 1920×1080 ಅಳತೆಯ ಪರದೆಯಲ್ಲಿ 20,73,600 ಚುಕ್ಕಿಗಳು. ಅದನ್ನು 1280×720ಕ್ಕೆ ಇಳಿಸಿದರೆ 9,21,600 ಮಾತ್ರ, ಅರ್ಧಕ್ಕಿಂತ ಕಡಿಮೆ! ಹೀಗೆ ಇಳಿಸಿದಾಗ ಆಟ ಚುರುಕಾದರೆ ದಣಿದಿದ್ದು ಗ್ರಾಫಿಕ್ಸ್ ಚಿಪ್ಪು. ಇಳಿಸಿದರೂ ಕುಂಟಿದರೆ ದಣಿದಿದ್ದು ಸಿಪಿಯು ಎಂದು ಊಹಿಸಬಹುದು.

ನಮ್ಮ ಹುಡುಗನ ಲಾರಿ ಇಳಿಸಿದ ಮೇಲೂ ಕುಂಟಿತು ಎನ್ನೋಣ. ತಪ್ಪು ಲೋಡಿನಲ್ಲೇ ಇತ್ತು. ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸೆಂದರೆ 15 ಕಿಲೊ. ಹಣ್ಣೊಂದು 100 ಗ್ರಾಂ ಎಂದರೂ ಬಾಕ್ಸಿಗೆ 150 ಹಣ್ಣು. ನೂರು ಬಾಕ್ಸಿಗೆ 15,000. ಹುಡುಗ ಉತ್ಸಾಹದಿಂದ ಪ್ರತಿ ಹಣ್ಣನ್ನೂ ಬೇರೆ ಬೇರೆ ವಸ್ತುವಾಗಿ ಇಟ್ಟಿದ್ದ. ಒಂದೊಂದನ್ನೂ ಬಿಡಿಸು ಎಂದು ಸಿಪಿಯು ಗ್ರಾಫಿಕ್ಸ್ ಚಿಪ್ಪಿಗೆ ಕೊಡುವ ಅಪ್ಪಣೆಗೆ ‘ಡ್ರಾ ಕಾಲ್’ ಎಂದು ಹೆಸರು. ಕೆಲಸ ಸಣ್ಣದಾದರೂ ಅಪ್ಪಣೆಯ ಖರ್ಚು ತಪ್ಪದು. ಒಂದೊಂದೇ ಹಣ್ಣು ಹಿಡಿದು ಮುಳಬಾಗಿಲಿನಿಂದ ಕೋಲಾರಕ್ಕೆ 15,000 ಸಲ ಹೋಗಿಬಂದಂತೆ! ಒಂದೇ ರೂಪದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಅಪ್ಪಣೆಯಲ್ಲಿ ಕಳಿಸುವ ಅನುಕೂಲ ಎಂಜಿನ್ನುಗಳಲ್ಲಿದೆ. ಲಾರಿ ಇರುವುದೇ ಅದಕ್ಕೆ. ಇನ್ನೂ ಜಾಣತನವೆಂದರೆ, ಮೇಲಿನ ಸಾಲಿನ ಹಣ್ಣು ಮಾತ್ರ ಬಿಡಿಸುವುದು. ಕೆಳಗಿನದು ಯಾರಿಗೂ ಕಾಣದು. ಮೇಲಿನ ಸಾಲನ್ನೇ ಚೆನ್ನಾಗಿ ಜೋಡಿಸುವ ಕಲೆ ಮಾರುಕಟ್ಟೆಗೇನೂ ಹೊಸದಲ್ಲ.

ಕಾಣದ್ದನ್ನು ಬಿಡಿಸಬಾರದು ಎಂಬುದೇ ಈ ವಿದ್ಯೆಯ ಮೂಲಮಂತ್ರ. ಲಾರಿ ಕೋಲಾರದ ಹತ್ತಿರ ಬಂದಾಗ ಅಂತರಗಂಗೆ ಬೆಟ್ಟ ಕಾಣುತ್ತದೆ, ಬೆಟ್ಟದ ಆಚೆಯ ಊರು ಕಾಣುವುದಿಲ್ಲ. ಚಾಲಕನ ಬೆನ್ನ ಹಿಂದಿನದಂತೂ ಸರಿಯೇ. ಅವನ್ನು ಲೆಕ್ಕದಿಂದಲೇ ಬಿಡಬಹುದು. ಬಲಗಡೆ ದೂರದಲ್ಲಿ ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಿವೆ. ಅಷ್ಟು ದೂರದ ಮರಕ್ಕೆ ಎಲೆ ಎಣಿಸುವಂತೆ ಚಿತ್ರ ಬೇಕಿಲ್ಲ, ಹಸಿರು ಆಕಾರ ಸಾಕು. ಹತ್ತಿರ ಬಂದಾಗ ಎಲೆ, ಕೊಂಬೆ, ಕಾಯಿ. ಹೀಗೆ ಒಂದೇ ಮರಕ್ಕೆ ಮೂರು ನಾಲ್ಕು ಅಂತಸ್ತಿನ ಚಿತ್ರ ಮಾಡಿಟ್ಟುಕೊಳ್ಳುವುದು ವಾಡಿಕೆ.

ಮನೆಗಳ ಚಾವಣಿಗೆ ಮಾಲೂರಿನ ಹೆಂಚು ನೆನೆದುಕೊಳ್ಳಿ. ಒಂದೇ ಅಚ್ಚಿನ ಹೆಂಚು ಎಷ್ಟು ಮನೆಗಳನ್ನು ಮುಚ್ಚಿತು! ಆಟದಲ್ಲೂ ಒಂದು ಹೆಂಚಿನ ಸಣ್ಣ ಚಿತ್ರವನ್ನೇ ಚಾವಣಿ ತುಂಬ ಮರುಕಳಿಸಬಹುದು. ಪ್ರತಿ ಚಾವಣಿಗೂ 2048×2048 ಚುಕ್ಕಿಗಳ ಬೇರೆ ಚಿತ್ರ ಹಾಕಿದರೆ, ಕುಗ್ಗಿಸದೆ ಇಟ್ಟ ಒಂದೊಂದಕ್ಕೂ 16 ಮೆಗಾಬೈಟ್ ಸ್ಮೃತಿ ಬೇಕು. ಹಳೆಯ ಲ್ಯಾಪ್‌ಟಾಪುಗಳ ಗ್ರಾಫಿಕ್ಸ್ ಚಿಪ್ಪಿಗೆ ಸಾಮಾನ್ಯವಾಗಿ ಸ್ವಂತ ಸ್ಮೃತಿಯೇ ಇರುವುದಿಲ್ಲ. ಸಿಪಿಯುವಿನ ತಟ್ಟೆಯಲ್ಲೇ ಅದೂ ಉಣ್ಣಬೇಕು.

ಇನ್ನು ನೆರಳು, ಬೆಳಕು. ಮುಳಬಾಗಿಲು ದೋಸೆಗೆ ಗಿರಾಕಿ ಬಂದ ಮೇಲೆ ಹಿಟ್ಟು ರುಬ್ಬುತ್ತಾರೆಯೇ? ಹಿಂದಿನ ದಿನವೇ ರುಬ್ಬಿಡುತ್ತಾರೆ. ಅಲುಗಾಡದ ಗೋಡೆ, ಬಂಡೆಗಳ ನೆರಳನ್ನೂ ಹಾಗೆಯೇ ಮೊದಲೇ ಲೆಕ್ಕ ಹಾಕಿ ಚಿತ್ರದಲ್ಲಿ ಬಳಿದಿಡಬಹುದು. ಬಾಕ್ಸುಗಳ ವಿಷಯದಲ್ಲೂ ಮಾರುಕಟ್ಟೆಯೇ ಗುರು. ಖಾಲಿ ಬಾಕ್ಸನ್ನು ಎಸೆಯುವುದಿಲ್ಲ, ಮತ್ತೆ ತುಂಬುತ್ತಾರೆ. ಆಟದಲ್ಲಿ ಪ್ರತಿ ಸಲ ಹೊಸ ವಸ್ತು ಸೃಷ್ಟಿಸಿ ಹಳೆಯದನ್ನು ಬಿಸಾಡಿದರೆ, ಆ ಸೃಷ್ಟಿ-ಸಂಹಾರದ ಗಡಿಬಿಡಿಯಲ್ಲಿ ಪರದೆ ಆಗಾಗ ಮುಗ್ಗರಿಸುತ್ತದೆ.

ಇವೆಲ್ಲ ಬಡತನದಿಂದ ಹುಟ್ಟಿದ ವಿದ್ಯೆಗಳು. 1990ರಲ್ಲಿ ಕಮಾಂಡರ್ ಕೀನ್ ಎಂಬ ಆಟ ಬರೆದಾಗ ಅಮೆರಿಕದ ಜಾನ್ ಕಾರ್ಮ್ಯಾಕ್ ಕೈಯಲ್ಲಿದ್ದುದು ಅಂದಿನ ಸೋಮಾರಿ ಪಿ.ಸಿ. ಇಡೀ ಪರದೆ ಮತ್ತೆ ಬಿಡಿಸಲು ಅದಕ್ಕೆ ತ್ರಾಣವಿರಲಿಲ್ಲ. ಬದಲಾದ ಚೌಕಗಳನ್ನಷ್ಟೇ ಮತ್ತೆ ಬಿಡಿಸುವ ಉಪಾಯ ಆತ ಹೂಡಿದ. 1993ರ ಡೂಮ್ ಆಟ ಮೂಡಿದ್ದು 320×200, ಎಂದರೆ 64,000 ಚುಕ್ಕಿಗಳ ಪರದೆಯ ಮೇಲೆ. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂದು ತಿಳಿಯಲು ಬೇಕಾದ ವಿಂಗಡಣೆಯನ್ನು ಅದರಲ್ಲೂ ಮೊದಲೇ ಮಾಡಿಡಲಾಗಿತ್ತು. ಮತ್ತೆ ಅದೇ ರುಬ್ಬಿಟ್ಟ ಹಿಟ್ಟು!

ಹಾಗೆಂದು ಯಂತ್ರ ಎಂದೂ ಬದಲಿಸಬಾರದೆಂದಲ್ಲ. ಎಲ್ಲ ಸೋರಿಕೆ ಮುಚ್ಚಿದ ಮೇಲೂ ಸಾಲದಿದ್ದರೆ ಹಣ ಹಾಕಬೇಕಾದೀತು. ಆಗಲೂ ಅಳತೆ ಬೇಕು. ಎಸ್‌ಎಸ್‌ಡಿ ಹಾಕಿಸಿದರೆ ಆಟ ಬೇಗ ತೆರೆದುಕೊಳ್ಳುತ್ತದೆ, ಆದರೆ ಲಾರಿಯ ಓಟ ಹೆಚ್ಚುವುದು ಕಡಿಮೆ. ಒಂಟಿ ರ‍್ಯಾಮ್ ಇದ್ದಲ್ಲಿ ಜೋಡಿ ಹಾಕಿಸಿದರೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ನೇರ ಲಾಭ. ಲ್ಯಾಪ್‌ಟಾಪಿನ ಫ್ಯಾನಿನ ಧೂಳು ತೆಗೆಸಿದರೂ ಗುಣ ಕಂಡೀತು. ಬಿಸಿಯೇರಿದ ಚಿಪ್ಪು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ.

ಗೆಳೆಯನ ಸಲಹೆಯಲ್ಲಿ ಇನ್ನೊಂದು ತಪ್ಪಿತ್ತು. ಹೊಸ ಮಷೀನಿನಲ್ಲಿ ಆ 15,000 ಟೊಮೆಟೊ ಸಲೀಸಾಗಿ ಓಡಿಬಿಡಬಹುದು, ಹುಡುಗನಿಗೆ ತಪ್ಪೇ ತಿಳಿಯುವುದಿಲ್ಲ. ಆದರೆ ಆಟ ಆಡುವವರು ಯಾರು? ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಅಗ್ಗದ ಫೋನು ಹಿಡಿದು ಕುಳಿತವರು. 2019ರಲ್ಲಿ ಭಾರತಕ್ಕೆ ಬಂದು ಮರುವರ್ಷ ನಿಷೇಧವಾದ ‘ಪಬ್ಜಿ ಮೊಬೈಲ್ ಲೈಟ್’ ಹುಟ್ಟಿದ್ದೇ ಇಂಥ ಫೋನುಗಳಿಗಾಗಿ. ನಕ್ಷೆ ಕಿರಿದು ಮಾಡಿ, ನೂರು ಆಟಗಾರರ ಬದಲು 60 ಮಂದಿಯನ್ನು ಇಳಿಸಿದ್ದರು. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್‌ನಂಥ ಕಂಪನಿ ಕಳೆದ ಶತಮಾನದ ಕೊನೆಯಲ್ಲೇ ಆಟದ ಕೆಲಸಕ್ಕೆ ಇಳಿದಿತ್ತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಅಂಥ ಕಡೆ ಕೆಲಸ ಕೇಳಿಕೊಂಡು ಹೋಗುವ ದಿನ, ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿ ತೋರಿಸಿದ ಆಟಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಅಪ್ಪನ ಹತ್ತಿರ ಮಾತು ಎತ್ತುವುದಿದ್ದರೆ ಆಗಲೂ ಎತ್ತಬಹುದು. ಅಷ್ಟರೊಳಗೆ ಟೊಮೆಟೊಗೂ ಒಳ್ಳೆಯ ರೇಟು ಬಂದಿರಲಿ.